ವಿಜಯಪುರ ಒಂದೇ ದಿನದಲ್ಲಿ: ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾವರೆಗೆ

ವಿಜಯಪುರಕ್ಕೆ ಹೋದವರಲ್ಲಿ ಬಹಳ ಜನ ಗೋಳಗುಮ್ಮಟ ಹತ್ತಿ, ನಾಲ್ಕು ಸಲ ಕೂಗಿ, ಫೋಟೊ ತೆಗೆದು, ಮಧ್ಯಾಹ್ನದ ಹೊತ್ತಿಗೆ ಬಾದಾಮಿ ಕಡೆಗೋ ಸೊಲ್ಲಾಪುರದ ಕಡೆಗೋ ಹೊರಟುಬಿಡುತ್ತಾರೆ. ಇನ್ನೂರು ವರ್ಷ ರಾಜಧಾನಿಯಾಗಿದ್ದ ಊರು ಇದು. 1490ರ ಹೊತ್ತಿಗೆ ಯೂಸುಫ್ ಆದಿಲ್ ಶಾ ಇಲ್ಲಿ ಸ್ವತಂತ್ರ ರಾಜ್ಯ ಕಟ್ಟಿದ. 1686ರಲ್ಲಿ ಔರಂಗಜೇಬ್ ಅದನ್ನು ಮುಗಿಸಿದ. ನಡುವೆ ಕಟ್ಟಿದ್ದರಲ್ಲಿ ಎಷ್ಟು ಉಳಿದಿದೆ ಎಂದರೆ, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೂ ಒಂದು ಕಮಾನು ಸಿಗುತ್ತದೆ.

ಒಂದು ದಿನದಲ್ಲಿ ಎಲ್ಲವನ್ನೂ ನೋಡಲಾಗದು. ಆದರೆ ಮುಖ್ಯವಾದದ್ದನ್ನು ಚೆನ್ನಾಗಿ ನೋಡಬಹುದು. ಅದಕ್ಕೆ ಬೇಕಾದದ್ದು ಜಾಸ್ತಿ ಓಡಾಟವಲ್ಲ, ಸರಿಯಾದ ಕ್ರಮ. ಬೆಳಗ್ಗೆ ಪೂರ್ವದಲ್ಲಿರುವ ಗೋಳಗುಮ್ಮಟದಿಂದ ಶುರು ಮಾಡಿ. ನಡುಹಗಲಿಗೆ ಊರಿನ ಮಧ್ಯದ ಅರಕಿಲ್ಲೆ, ಅಂದರೆ ಅರಮನೆಗಳಿದ್ದ ಒಳಕೋಟೆ. ಸಂಜೆಗೆ ಪಶ್ಚಿಮದ ಇಬ್ರಾಹಿಂ ರೋಜಾ. ಗುಮ್ಮಟದಲ್ಲಿ ನಿಮಗೆ ಬೇಕಾದದ್ದು ನಿಶ್ಶಬ್ದ, ಅದು ಬೆಳಗ್ಗೆ ಮಾತ್ರ ಸಿಗುತ್ತದೆ. ರೋಜಾದಲ್ಲಿ ಬೇಕಾದದ್ದು ಇಳಿಬಿಸಿಲು. ಇವೆರಡನ್ನು ತಿರುಗುಮುರುಗು ಮಾಡಿದರೆ ಎರಡೂ ಕೈತಪ್ಪುತ್ತವೆ.

ಇನ್ನೊಂದು ವಿಷಯ ತಲೆಯಲ್ಲಿಟ್ಟುಕೊಂಡು ಹೊರಡಿ. ಇವತ್ತು ನೀವು ನೋಡುವ ಮೂರು ದೊಡ್ಡ ಗೋರಿಗಳು ಒಂದೇ ಮನೆಯ ಮೂರು ತಲೆಮಾರಿನವು. ಅಜ್ಜ ಎರಡನೇ ಇಬ್ರಾಹಿಂನದು ಇಬ್ರಾಹಿಂ ರೋಜಾ. ಮಗ ಮೊಹಮ್ಮದನದು ಗೋಳಗುಮ್ಮಟ. ಮೊಮ್ಮಗ ಎರಡನೇ ಅಲಿಯದು ಬಾರಾ ಕಮಾನ್. ಅಜ್ಜನದು ಸೊಗಸು, ಮಗನದು ಗಾತ್ರ, ಮೊಮ್ಮಗನದು ಅರ್ಧಕ್ಕೇ ನಿಂತ ಕೆಲಸ. ಬಿಡಿಬಿಡಿಯಾಗಿ ಕಾಣುವ ಕಟ್ಟಡಗಳು ಈ ಎಳೆಯಲ್ಲಿ ಪೋಣಿಸಿಕೊಂಡುಬಿಡುತ್ತವೆ.

ಹೊರಡುವ ಮೊದಲು

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರವರಿವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕರಿಕಲ್ಲಿನ ಕಟ್ಟಡಗಳು, ಬಯಲು ಅಂಗಳಗಳು, ಅದರ ಮೇಲೆ ಚಪ್ಪಲಿ ಬಿಟ್ಟು ನಡೆಯುವ ಜಾಗಗಳು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ದಸರಾ ರಜೆಗೆ ಮುಂದೂಡಿ. ಡಿಸೆಂಬರ್, ಜನವರಿಯಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ಶಾಲಾ ಪ್ರವಾಸದ ಬಸ್ಸುಗಳೂ ಆಗಲೇ ಬರುತ್ತವೆ. ಅದಕ್ಕೆ ಮದ್ದು ಬೇಗ ಏಳುವುದು.

ಯಾವ ವಾರ ಅಂದರೆ, ಶುಕ್ರವಾರ ಬೇಡ. ಗೋಳಗುಮ್ಮಟದ ಮುಂದಿನ ಮ್ಯೂಸಿಯಂಗೆ ಅವತ್ತು ರಜೆ. ಜುಮ್ಮಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಜನ ತುಂಬಿರುತ್ತಾರೆ, ಆ ಹೊತ್ತಿನಲ್ಲಿ ನೋಡಲು ಹೋಗುವುದು ಸರಿಯಲ್ಲ. ಭಾನುವಾರ ಎಲ್ಲ ಕಡೆ ಜಂಗುಳಿ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಸಿಕ್ಕರೆ ಬಿಡಬೇಡಿ.

ಬೆಂಗಳೂರಿನಿಂದ ಸುಮಾರು 530 ಕಿಲೋಮೀಟರ್. ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಇದೆ, ರಾತ್ರಿ ಬಸ್ಸುಗಳಂತೂ ಬೇಕಾದಷ್ಟು. ಆದರೆ ರಾತ್ರಿ ಹೊರಟು ಬೆಳಗ್ಗೆ ಇಳಿದು, ರೂಮು ಹುಡುಕಿ, ಸ್ನಾನ ಮುಗಿಸಿ ಹೋಗುವಷ್ಟರಲ್ಲಿ ಗುಮ್ಮಟ ಖಾಲಿ ಇರುವ ಹೊತ್ತು ಮುಗಿದಿರುತ್ತದೆ. ಹಿಂದಿನ ಸಂಜೆಯೇ ಊರು ಸೇರಿ. ರೈಲ್ವೆ ಸ್ಟೇಷನ್ನೂ ಗೋಳಗುಮ್ಮಟವೂ ಊರಿನ ಒಂದೇ ದಿಕ್ಕಿನಲ್ಲಿವೆ. ಆ ಕಡೆ ರೂಮು ಮಾಡಿದರೆ ಬೆಳಗ್ಗೆ ಅನುಕೂಲ. ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೂ ಇದೇ ಮಾತು.

ಚೀಲದಲ್ಲಿ ಇಷ್ಟಿರಲಿ: ನೀರು, ಟೋಪಿ, ಕಾಲುಚೀಲ, ತಲೆಗೆ ಹಾಕಿಕೊಳ್ಳಲು ದುಪಟ್ಟಾ ಅಥವಾ ಕರವಸ್ತ್ರ, ಚಿಕ್ಕ ಟಾರ್ಚ್. ಕಾಲುಚೀಲ ಯಾಕೆ ಅಂತ ಬಿಸಿಕಲ್ಲಿನ ಮೇಲೆ ಕಾಲಿಟ್ಟಾಗ ಗೊತ್ತಾಗುತ್ತದೆ. ಟಾರ್ಚ್ ಬೇಕಾಗುವುದು ಗುಮ್ಮಟದ ಮೆಟ್ಟಿಲಿಗೆ, ಮೊಬೈಲ್ ಬೆಳಕೂ ನಡೆಯುತ್ತದೆ. ಕಟ್ಟಿಕೊಳ್ಳಲು ಸುಲಭವಾದ ಚಪ್ಪಲಿ ಹಾಕಿ. ಲೇಸ್ ಬೂಟು ಹಾಕಿದವರು ದಿನವಿಡೀ ಬಗ್ಗಿ ಏಳುತ್ತಲೇ ಇರಬೇಕಾಗುತ್ತದೆ.

ಗೈಡ್ ಬೇಕೇ?

ಬೇಕು. ಆದರೆ ಎಲ್ಲ ಕಡೆ ಬೇಡ.

ಗುಮ್ಮಟದ ಗೇಟಿನ ಹತ್ತಿರ ಕಾಲಿಟ್ಟರೆ ಸಾಕು, ‘ಗೈಡ್ ಬೇಕೇನ್ರಿ ಸರ?’ ಅಂತ ಯಾರಾದರೂ ಬಂದೇ ಬರುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯಾ ನೋಡಿ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಇರುವವರು ತಾವಾಗಿಯೇ ತೋರಿಸುತ್ತಾರೆ. ಆಮೇಲೆ ಮೂರು ಮಾತು ಮೊದಲೇ ಆಗಿಬಿಡಲಿ: ಎಷ್ಟು ದುಡ್ಡು, ಎಷ್ಟು ಹೊತ್ತು, ಮೇಲಿನ ಪಡಸಾಲೆಗೆ ಜೊತೆಯಲ್ಲಿ ಹತ್ತಿ ಬರುತ್ತಾರೋ ಇಲ್ಲವೋ. ಕೆಳಗೆ ನಿಂತು ಕಥೆ ಹೇಳಿ, ‘ನೀವು ಹತ್ತಿ ಬರ್ರಿ, ನಾ ಇಲ್ಲೇ ಇರ್ತೀನಿ’ ಅನ್ನುವವರೂ ಇದ್ದಾರೆ. ಆದರೆ ಗೈಡಿನಿಂದ ನಿಜವಾದ ಉಪಯೋಗ ಇರುವುದು ಮೇಲೆಯೇ.

ನನ್ನ ಸಲಹೆ: ಇಬ್ಬರು ಮೂವರಿದ್ದರೆ ಗೋಳಗುಮ್ಮಟಕ್ಕೆ ಒಮ್ಮೆ, ಇಬ್ರಾಹಿಂ ರೋಜಾಕ್ಕೆ ಒಮ್ಮೆ ಗೈಡ್ ತೆಗೆದುಕೊಳ್ಳಿ. ನಡುವಿನ ಜಾಗಗಳನ್ನು ನೀವೇ ನೋಡಬಹುದು. ಐದಾರು ಜನರ ಗುಂಪಾದರೆ ಒಬ್ಬರನ್ನೇ ಇಡೀ ದಿನಕ್ಕೆ ಮಾತಾಡಿ. ಒಳ್ಳೆಯ ಗೈಡ್ ಅನ್ನು ಗುರುತಿಸಲು ಸುಲಭ ದಾರಿ ಇದೆ. ‘ಕಂಬವಿಲ್ಲದೆ ಈ ಗುಮ್ಮಟ ಹೇಗೆ ನಿಂತಿದೆ?’ ಎಂದು ಕೇಳಿ. ಕೈಯೆತ್ತಿ ಕಮಾನುಗಳನ್ನು ತೋರಿಸಿ ವಿವರಿಸಲು ಶುರು ಮಾಡಿದರೆ ಅವರ ಜೊತೆ ಹೋಗಿ. ‘ಅದೇ ನೋಡ್ರಿ ಪವಾಡ’ ಅಂದರೆ ನಕ್ಕು ಮುಂದೆ ನಡೆಯಿರಿ.

ಕಥೆಗಳನ್ನು ಕೇಳಿ, ಖುಷಿಪಡಿ, ಆದರೆ ಎಲ್ಲವನ್ನೂ ಇತಿಹಾಸ ಅಂತ ಮನೆಗೆ ಹೊತ್ತು ತರಬೇಡಿ. ರಂಭೆ ಎಂಬ ನರ್ತಕಿ ಸುಲ್ತಾನನ ಮೇಲಿನ ಪ್ರೀತಿಗೆ ಮೇಲಿಂದ ಹಾರಿದಳು ಅನ್ನುವುದು ಜನರ ಕಥೆ. ಅವಳ ಗೋರಿ ಸುಲ್ತಾನನ ಪಕ್ಕದಲ್ಲಿರುವುದು ಮಾತ್ರ ನಿಜ. ‘ಜಗತ್ತಿನ ಎರಡನೇ ದೊಡ್ಡ ಗುಮ್ಮಟ’ ಎಂಬ ಮಾತೂ ಈ ಕಾಲಕ್ಕೆ ನಿಲ್ಲುವುದಿಲ್ಲ, ಕಬ್ಬಿಣ ಕಾಂಕ್ರೀಟಿನಲ್ಲಿ ಇದಕ್ಕಿಂತ ದೊಡ್ಡವು ಎಷ್ಟೋ ಬಂದಿವೆ. ಹಳೆಯ ಕಾಲದ ಗುಮ್ಮಟಗಳ ಸಾಲಿನಲ್ಲಿ ಅತಿ ದೊಡ್ಡವುಗಳಲ್ಲಿ ಒಂದು ಅನ್ನಲು ಯಾವ ಅಡ್ಡಿಯೂ ಇಲ್ಲ.

ಓಡಾಟಕ್ಕೆ ಏನು?

ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾವರೆಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ಆದರೆ ನಡುವೆ ಆರೇಳು ಕಡೆ ಇಳಿದು ಹತ್ತುವುದಿದೆ. ಒಂದು ಆಟೊವನ್ನು ಇಡೀ ದಿನಕ್ಕೆ ಮಾತಾಡಿಕೊಳ್ಳುವುದು ನೆಮ್ಮದಿ. ನೋಡಬೇಕಾದ ಜಾಗಗಳನ್ನು ಒಂದೊಂದಾಗಿ ಹೆಸರು ಹೇಳಿ, ಕಾಯುವ ಹೊತ್ತೂ ಸೇರಿ ಎಷ್ಟು ಎಂದು ಕೇಳಿ. ‘ಎಲ್ಲಾ ತೋರಸ್ತೀನ್ರಿ’ ಎಂಬ ಮಾತಿಗೆ ಒಪ್ಪಿಕೊಂಡರೆ ಆ ‘ಎಲ್ಲಾ’ ನಾಲ್ಕೇ ಜಾಗಕ್ಕೆ ಮುಗಿಯಬಹುದು. ಹಲವರನ್ನು ಒಟ್ಟಿಗೆ ಕೂರಿಸಿಕೊಂಡು ಹೋಗುವ ಟಂಟಂ ಆಟೊಗಳೂ ಓಡಾಡುತ್ತವೆ, ಖರ್ಚು ಕಡಿಮೆ, ಆದರೆ ನೆಟ್ಟಗೆ ಬಾಗಿಲಿಗೆ ಬಿಡುವುದಿಲ್ಲ. ಟಾಂಗಾ ಸಿಕ್ಕರೆ ಅರಕಿಲ್ಲೆಯ ಸುತ್ತಮುತ್ತ ಒಂದು ಸವಾರಿ ಮಾಡಿ. ಇಡೀ ದಿನಕ್ಕೆ ಬೇಡ, ಬಿಸಿಲಿನಲ್ಲಿ ಕುದುರೆಗೂ ಕಷ್ಟ, ನಿಮಗೂ ಕಷ್ಟ.

ಬೆಳಗ್ಗೆ 6ರಿಂದ 8.30: ಗೋಳಗುಮ್ಮಟ

ಬಾಗಿಲು ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ಹಿಂದಿನ ದಿನ ಹೋಟೆಲಿನಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಭಾರತೀಯರಿಗೆ ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಆನ್‌ಲೈನಿನಲ್ಲಿ ತೆಗೆದರೆ ಸ್ವಲ್ಪ ಕಡಿಮೆ. ಚಿಲ್ಲರೆಯೂ ಕೈಯಲ್ಲಿರಲಿ.

ಗೇಟು ದಾಟಿ ತೋಟದ ದಾರಿಯಲ್ಲಿ ನಡೆದರೆ ಮೊದಲು ಸಿಗುವುದು ನಗಾರಖಾನೆ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡ. ಅದರಲ್ಲೇ ಮ್ಯೂಸಿಯಂ ಇರುವುದು. ಈಗ ಒಳಗೆ ಹೋಗಬೇಡಿ, ಅಷ್ಟು ಬೇಗ ತೆರೆದಿರುವುದೂ ಇಲ್ಲ. ಅದರ ಹಿಂದೆ ಗುಮ್ಮಟ ಪೂರ್ತಿ ಕಾಣುತ್ತದೆ. ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು. ದೂರದಿಂದ ಇದು ಒಡ್ಡೊಡ್ಡಾಗಿ ಕಾಣುತ್ತದೆ, ಸುಳ್ಳು ಹೇಳುವುದಿಲ್ಲ. ಕಟ್ಟಿಸಿದವನಿಗೆ ಬೇಕಾಗಿದ್ದದ್ದು ಚೆಂದಕ್ಕಿಂತ ಗಾತ್ರ.

ಒಳಗೆ ಹೋದ ಕೂಡಲೇ ಮೆಟ್ಟಿಲಿನ ಕಡೆ ಓಡಬೇಡಿ ಅನ್ನಬೇಕು ನಾನು. ಆದರೆ ಉಲ್ಟಾ ಹೇಳುತ್ತೇನೆ: ಓಡಿ. ಕೆಳಗಿನದು ಆಮೇಲೆ ನೋಡಲು ಎಲ್ಲಿಗೂ ಹೋಗುವುದಿಲ್ಲ. ಮೇಲಿನ ನಿಶ್ಶಬ್ದ ಮೊದಲ ಶಾಲಾ ಬಸ್ಸು ಬರುವವರೆಗೆ ಮಾತ್ರ.

ಮೂಲೆಯ ಗೋಪುರದೊಳಗೆ ಸುತ್ತಿಕೊಂಡು ಹೋಗುವ ಮೆಟ್ಟಿಲು. ನೂರಕ್ಕೂ ಮೇಲಿವೆ, ಕಿರಿದು, ಕೆಲವು ಮೊಣಕಾಲೆತ್ತರ, ಅಲ್ಲಲ್ಲಿ ಕತ್ತಲೆ. ಪ್ರತಿ ಅಂತಸ್ತಿನಲ್ಲೂ ಗಾಳಿ ಬರುವ ಕಿಂಡಿಗಳಿವೆ, ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಿ. ಮೊಣಕಾಲು ನೋವಿರುವ ಹಿರಿಯರನ್ನು ಒತ್ತಾಯ ಮಾಡಬೇಡಿ, ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅವರಿಗೆ ಕೆಳಗೆ ನಿಂತರೂ ಮೇಲಿನವರ ಮಾತು ಗುಂಗುಟ್ಟುವುದು ಕೇಳುತ್ತದೆ.

ಮೆಟ್ಟಿಲು ಮುಗಿದರೆ ಮಾಳಿಗೆ. ಗುಮ್ಮಟದ ಬುಡಕ್ಕೆ ಸುತ್ತಲೂ ಕಮಲದ ಎಸಳುಗಳನ್ನು ಜೋಡಿಸಿದ ಹಾಗೆ ಕೆತ್ತನೆ ಇದೆ, ಅದನ್ನು ಹತ್ತಿರದಿಂದ ನೋಡಲು ಇದೊಂದೇ ಜಾಗ. ಅಲ್ಲಿಂದ ಚಿಕ್ಕ ಬಾಗಿಲಿನಲ್ಲಿ ಬಗ್ಗಿ ಒಳಹೊಕ್ಕರೆ ಪಿಸುಮಾತಿನ ಪಡಸಾಲೆ. ಸುಮಾರು 11 ಅಡಿ ಅಗಲದ ವೃತ್ತಾಕಾರದ ಕಟ್ಟೆ. ಎದುರಿನ ಗೋಡೆ ಸುಮಾರು 38 ಮೀಟರ್ ದೂರ.

ಈಗ ಪ್ರಯೋಗ. ಕೂಗಬೇಡಿ. ಇಬ್ಬರು ಸರಿಯಾಗಿ ಎದುರುಬದುರು ಗೋಡೆಗೆ ಹೋಗಿ. ಒಬ್ಬರು ಗೋಡೆಗೆ ಮುಖ ಮಾಡಿ, ಪಕ್ಕದಲ್ಲಿ ನಿಂತವರಿಗೂ ಕೇಳದಷ್ಟು ಮೆಲ್ಲಗೆ ಮಾತಾಡಲಿ. ಇನ್ನೊಬ್ಬರು ಗೋಡೆಗೆ ಕಿವಿ ಕೊಡಲಿ. ಕಿವಿಯಲ್ಲೇ ಹೇಳಿದ ಹಾಗೆ ಕೇಳುತ್ತದೆ. ಬಾಗಿದ ಗೋಡೆ ಸದ್ದನ್ನು ಚೆದುರಲು ಬಿಡದೆ ಅಂಚಿನಗುಂಟ ಸಾಗಿಸುತ್ತದೆ, ಅದೇ ಗುಟ್ಟು. ಗೈಡ್‌ಗಳು ಬೆಂಕಿಕಡ್ಡಿ ಗೀರಿಯೋ ಕಾಗದ ಹರಿದೋ ತೋರಿಸುತ್ತಾರೆ. ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ, ಸುಮ್ನೆ ನಿಂತು ಎಣಿಸಿ. ಏಳು ಸಲ ಎಂದು ಎಲ್ಲರೂ ಹೇಳುತ್ತಾರೆ. ಜನ ಇಲ್ಲದಾಗ ಅದಕ್ಕಿಂತ ಜಾಸ್ತಿಯೇ ಎಣಿಸಬಹುದು, ಕೊನೆಯವು ಬಹಳ ಸಣ್ಣಗಿರುತ್ತವೆ. ಒಂಬತ್ತು ಗಂಟೆಯ ನಂತರ ಇಲ್ಲಿ ಬಂದವರಿಗೆ ಕೇಳಿಸುವುದು ಐವತ್ತು ಮಕ್ಕಳ ‘ಊಊಊ’ ಮಾತ್ರ. ಮಕ್ಕಳದ್ದೇನೂ ತಪ್ಪಿಲ್ಲ, ಅಂಥ ಜಾಗದಲ್ಲಿ ಕೂಗದೆ ಇರುವುದು ಹೇಗೆ?

ಹೊರಗೆ ಬಂದು ಮಾಳಿಗೆಯ ಪಶ್ಚಿಮದ ಅಂಚಿಗೆ ನಿಲ್ಲಿ. ಇಡೀ ದಿನದ ದಾರಿ ಕಣ್ಣೆದುರಿಗೆ ಹರಡಿರುತ್ತದೆ. ಜುಮ್ಮಾ ಮಸೀದಿಯ ಗುಮ್ಮಟ, ಆಚೆ ಅರಕಿಲ್ಲೆ, ಇನ್ನೂ ದೂರಕ್ಕೆ ಉಪಲಿ ಬುರುಜು. ಗೈಡ್ ಇದ್ದರೆ ಒಂದೊಂದನ್ನೂ ಬೆರಳು ಮಾಡಿ ತೋರಿಸಲು ಹೇಳಿ.

ಈಗ ಇಳಿದು ಬನ್ನಿ, ಕಟ್ಟಡವನ್ನು ಕೆಳಗಿನಿಂದ ಓದೋಣ. ನೀವು ನಿಂತಿರುವುದು ಸುಮಾರು 41 ಮೀಟರ್ ಚೌಕದ ಹಜಾರದಲ್ಲಿ. ನಡುವೆ ಒಂದೂ ಕಂಬ ಇಲ್ಲ. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರುವುದು ಹೇಗೆ? ತಲೆಯೆತ್ತಿ ಗೋಡೆಯ ಮೇಲ್ಭಾಗ ನೋಡಿ. ಎಂಟು ದೊಡ್ಡ ಕಮಾನುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ಹಾಗೆ. ಅವು ಮೂಲೆಗಳನ್ನು ಮುಚ್ಚುತ್ತಾ ಬಂದು, ಚೌಕ ಎಂಟು ಮೂಲೆಯಾಗಿ, ಎಂಟು ಮೂಲೆ ವೃತ್ತವಾಗುತ್ತದೆ. ಗುಮ್ಮಟ ಹೊರಕ್ಕೆ ಒದೆಯುತ್ತದೆ. ಒಳಕ್ಕೆ ಚಾಚಿಕೊಂಡಿರುವ ಈ ಕಮಾನುಗಳ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಸರಿಹೋಗುತ್ತವೆ. ನೀವು ಈಗ ತಾನೇ ನಡೆದಾಡಿದ ಪಡಸಾಲೆ ಅದೇ ಚಾಚಿನ ಮೇಲೆ ಇತ್ತು!

ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಇಟ್ಟವು. ಮೊಹಮ್ಮದ್ ಆದಿಲ್ ಶಾ, ಅವನ ಹೆಂಡತಿಯರು, ರಂಭೆ, ಮಗಳು, ಮೊಮ್ಮಗ. ನಿಜವಾದ ಗೋರಿಗಳು ನೆಲದ ಕೆಳಗಿನ ನೆಲಮಾಳಿಗೆಯಲ್ಲಿವೆ. ಅವನು ಆಳಿದ್ದು 1627ರಿಂದ 1656ರವರೆಗೆ.

ಹೊರಟು ತಿಂಡಿ ಮುಗಿಸಿ. ಸ್ಟೇಷನ್ ರಸ್ತೆಯಲ್ಲಿ ಇಡ್ಲಿ, ಉಪ್ಪಿಟ್ಟು, ಚುರುಮುರಿ ಸೂಸಲಾ ಏನಾದರೂ ಸಿಗುತ್ತದೆ. ಮ್ಯೂಸಿಯಂ ನೋಡಲೇಬೇಕು ಅನ್ನುವವರು ತಿಂಡಿಯ ನಂತರ ತಿರುಗಿ ಬನ್ನಿ. ಹಳೆಯ ಶಾಸನಗಳು, ವೀರಗಲ್ಲುಗಳು, ಹಸ್ತಪ್ರತಿಗಳಲ್ಲಿ ಆಸಕ್ತಿ ಇದ್ದರೆ ಮುಕ್ಕಾಲು ಗಂಟೆ ಕೊಡಬಹುದು. ಇಲ್ಲದಿದ್ದರೆ ಬಿಡಿ.

10 ಗಂಟೆ: ಜುಮ್ಮಾ ಮಸೀದಿ

ಗುಮ್ಮಟದಿಂದ ಆಟೊದಲ್ಲಿ ಐದು ನಿಮಿಷ. ಇದನ್ನು ಶುರು ಮಾಡಿದ್ದು ಒಂದನೇ ಅಲಿ ಆದಿಲ್ ಶಾ, 1570ರ ದಶಕದಲ್ಲಿ. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಈ ಊರಿಗೆ ಹಣ ಹರಿದುಬಂದ ಕಾಲ ಅದು. ಹಂಪಿ ನೋಡಿ ಬಂದವರಿಗೆ ಇಲ್ಲಿ ನಿಂತಾಗ ಒಂಥರಾ ಅನಿಸಬಹುದು.

ಇವತ್ತಿಗೂ ನಮಾಜು ನಡೆಯುವ ಮಸೀದಿ. ಚಪ್ಪಲಿ ಹೊರಗೆ, ತಲೆ ಮುಚ್ಚಿ, ಮೊಣಕಾಲು ಮುಚ್ಚುವ ಬಟ್ಟೆ. ಫೋಟೊ ತೆಗೆಯುವ ಮೊದಲು ಅಲ್ಲಿರುವವರನ್ನು ಒಂದು ಮಾತು ಕೇಳಿ. ಒಳಗಿನ ಬಿಳಿ ಕಮಾನುಗಳ ಸಾಲು ಬಹಳ ಸರಳ. ಬೆಳಗ್ಗೆ ಗುಮ್ಮಟದಲ್ಲಿ ಕಂಡ ಹೆಣೆದ ಕಮಾನುಗಳು ಇಲ್ಲಿನ ಗುಮ್ಮಟದ ಕೆಳಗೂ ಇವೆ, ಚಿಕ್ಕ ಪ್ರಮಾಣದಲ್ಲಿ. ಮೊದಲು ಇಲ್ಲಿ ಕೈ ಪಳಗಿತು, ಆಮೇಲೆ ಅಲ್ಲಿ ಧೈರ್ಯ ಬಂತು ಅನ್ನಬಹುದು.

ನೆಲ ನೋಡಿ. ಒಬ್ಬೊಬ್ಬರು ಕೂತು ನಮಾಜು ಮಾಡಲು 2,250 ಚೌಕಗಳನ್ನು ಗೆರೆ ಹಾಕಿ ಬಿಡಿಸಿದೆ. ಊರು ಗೆದ್ದ ಔರಂಗಜೇಬ್ ಬೆಲೆಬಾಳುವ ಜಮಖಾನೆಗಳನ್ನು ತೆಗೆಸಿ ಇವನ್ನು ಬರೆಸಿದ ಎನ್ನುತ್ತಾರೆ. ಪಶ್ಚಿಮದ ಗೋಡೆಯ ಮಿಹ್ರಾಬ್ (ಮೆಕ್ಕಾದ ದಿಕ್ಕು ತೋರಿಸುವ ಗೂಡು) ಮಾತ್ರ ಈ ಸರಳತೆಗೆ ಒಗ್ಗದ ಹಾಗೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತದೆ. ಮೊಹಮ್ಮದ್ ಆದಿಲ್ ಶಾ 1636ರಲ್ಲಿ ಮಾಡಿಸಿದ ಕೆಲಸ. ಹೂಜಿ, ಹೂದಾನಿ, ಪುಸ್ತಕಗಳನ್ನಿಟ್ಟ ಗೂಡುಗಳೆಲ್ಲ ಬಣ್ಣದಲ್ಲಿ ಬರೆದವು. ಪರದೆ ಎಳೆದಿದ್ದರೆ ಮರ್ಯಾದೆಯಿಂದ ಕೇಳಿ, ಸಾಮಾನ್ಯವಾಗಿ ತೋರಿಸುತ್ತಾರೆ.

11ರಿಂದ 1: ಮೆಹತರ್ ಮಹಲ್, ಅಸರ್ ಮಹಲ್, ಗಗನ ಮಹಲ್, ಬಾರಾ ಕಮಾನ್

ಮಸೀದಿಯಿಂದ ಅರಕಿಲ್ಲೆಗೆ ಹೋಗುವ ದಾರಿಯಲ್ಲೇ ಮೆಹತರ್ ಮಹಲ್. ಹೆಸರು ಮಹಲ್, ನಿಜಕ್ಕೆ ಅದು ಹಿಂದಿನ ಚಿಕ್ಕ ಮಸೀದಿಗೆ ಹೆಬ್ಬಾಗಿಲು. ಆಟೊದಿಂದ ಇಳಿಯದೆ ಹೋಗಬೇಡಿ. ಮೇಲೆ ಮುಂಚಾಚಿದ ಉಪ್ಪರಿಗೆಯನ್ನು ಹೊತ್ತಿರುವ ಕಲ್ಲಿನ ತೊಲೆಗಳನ್ನು ನೋಡಿ, ಮರಗೆಲಸದವರು ಕೆತ್ತಿದ ಹಾಗಿವೆ. ಹತ್ತು ನಿಮಿಷ ಸಾಕು.

ಅಸರ್ ಮಹಲ್ ಕಟ್ಟಿದ್ದು 1646ರ ಸುಮಾರಿಗೆ, ನ್ಯಾಯ ತೀರ್ಮಾನದ ಸಭೆಗೆ. ಆಮೇಲೆ ಪ್ರವಾದಿಯವರ ಕೂದಲನ್ನು ಇಲ್ಲಿ ಇಟ್ಟರು. ಮುಂದೆ ಕೊಳ, ಎತ್ತರಕ್ಕೆ ನಿಂತ ನಾಲ್ಕು ತೇಗದ ಕಂಬಗಳು. ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ, ಇದನ್ನು ಮೊದಲೇ ತಿಳಿದಿರಿ. ಹೊರಗಿನಿಂದ ಕಂಬಗಳನ್ನೂ ಕೊಳವನ್ನೂ ನೋಡಿ ಮುಂದೆ ಹೋಗುವುದು ಎಲ್ಲರಿಗೂ ಒಳ್ಳೆಯದು.

ಅರಕಿಲ್ಲೆಯೊಳಗೆ ಗಗನ ಮಹಲ್. ಒಂದನೇ ಅಲಿ 1561ರಲ್ಲಿ ಕಟ್ಟಿಸಿದ್ದು. ಈಗ ಉಳಿದಿರುವುದು ಮೂರು ಕಮಾನು, ನಡುವಿನದು ಸುಮಾರು 60 ಅಡಿ ಅಗಲ. ಮುಂದೆ ಹುಲ್ಲುಹಾಸು, ಸಂಜೆ ಊರಿನವರು ಬಂದು ಕೂರುವ ಪಾರ್ಕು. ಕೆಳಗೆ ದರ್ಬಾರು, ಮೇಲೆ ಮರದ ಅಂತಸ್ತಿನಲ್ಲಿ ರಾಜಮನೆತನದವರ ವಾಸ. ಆ ಮರವೆಲ್ಲ ಯಾವತ್ತೋ ಹೋಯಿತು. ಸೆಪ್ಟೆಂಬರ್ 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್‌ನನ್ನು ಇಲ್ಲೇ ಔರಂಗಜೇಬನ ಮುಂದೆ ತಂದು ನಿಲ್ಲಿಸಿದರು. ಬೆಳ್ಳಿ ಸರಪಳಿ ಹಾಕಿ ತಂದರು ಎಂದು ಗೈಡ್‌ಗಳು ಹೇಳುತ್ತಾರೆ. ಸಿಕಂದರ್ ನಾಲ್ಕೈದು ವರ್ಷದ ಕೂಸಾಗಿದ್ದಾಗಲೇ ಪಟ್ಟಕ್ಕೆ ಬಂದವನು, ಆವತ್ತಿಗೆ ಇನ್ನೂ ಹುಡುಗ. ಹತ್ತಿರದಲ್ಲೇ ಸಾತ್ ಮಂಜಿಲ್, ಅದರೆದುರು ಪುಟ್ಟ ಜಲ ಮಂಜಿಲ್ ಇವೆ. ನಡೆದೇ ನೋಡಬಹುದು.

ಬಾರಾ ಕಮಾನ್ ಅಲ್ಲಿಂದ ಕೂಗಳತೆ ದೂರ. ಎರಡನೇ ಅಲಿ ಪಟ್ಟಕ್ಕೆ ಬಂದದ್ದು 1656ರಲ್ಲಿ. ಅಪ್ಪನ ಗುಮ್ಮಟಕ್ಕಿಂತ ದೊಡ್ಡದನ್ನು ಕಟ್ಟಲು ಹೊರಟ. 1672ರಲ್ಲಿ ತೀರಿಕೊಂಡ, ಕೆಲಸ ಕಮಾನುಗಳ ಮಟ್ಟಕ್ಕೇ ನಿಂತಿತು. ‘ಇದರ ನೆರಳು ಗುಮ್ಮಟದ ಮೇಲೆ ಬೀಳಬೇಕಂತ ಇತ್ತು ನೋಡ್ರಿ’ ಎಂಬ ಮಾತನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಥೆಯೇ ಇರಬಹುದು, ಆದರೆ ಆ ಹಟ ಕಲ್ಲಿನಲ್ಲಿ ಕಾಣುತ್ತದೆ.

ಇದನ್ನು ನೋಡಿ ‘ಅಯ್ಯೋ, ಮುಗಿದಿಲ್ಲವಲ್ಲ’ ಅಂತ ಐದು ನಿಮಿಷಕ್ಕೆ ಹೊರಡುವವರೇ ಜಾಸ್ತಿ. ನನಗಂತೂ ಇದು ಬಲು ಇಷ್ಟ. ಗುಮ್ಮಟ, ಗಾರೆ, ಅಲಂಕಾರ ಯಾವುದೂ ಇಲ್ಲದೆ ಬರೀ ಕರಿಕಲ್ಲಿನ ಕಮಾನುಗಳು ಆಕಾಶಕ್ಕೆ ತೆರೆದುಕೊಂಡಿವೆ. ಕಟ್ಟುವ ಕೆಲಸ ಹೇಗೆ ಸಾಗುತ್ತಿತ್ತು ಅನ್ನುವುದು ಮುಗಿದ ಕಟ್ಟಡದಲ್ಲಿ ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ. ಬೆಳಗ್ಗೆ ಗೋಳಗುಮ್ಮಟದ ಗಾರೆಯ ಹಿಂದೆ ಅಡಗಿದ್ದ ಅಸ್ಥಿಪಂಜರ ಇದೇ ಅಂದುಕೊಳ್ಳಿ. ನಡುವಿನ ಎತ್ತರದ ಕಟ್ಟೆಯ ಮೇಲೆ ಅಲಿಯ ಗೋರಿ, ಮನೆಯವರ ಗೋರಿಗಳು ಇವೆ. ಸೂರು ಬಾರದಿದ್ದರೂ ಅಲ್ಲೇ ಮಣ್ಣಾದರು.

1ರಿಂದ 3: ಊಟ, ನೆರಳು

ಈ ಎರಡು ಗಂಟೆ ಕಟ್ಟಡ ನೋಡುವ ಹೊತ್ತಲ್ಲ. ಖಾನಾವಳಿಗೆ ಹೋಗಿ ಕುಂದ್ರಿ. ಗಾಂಧಿ ಚೌಕದ ಸುತ್ತ, ಬಸ್ ಸ್ಟ್ಯಾಂಡ್ ಕಡೆ ಬೇಕಾದಷ್ಟಿವೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಕಡಿಯಲು ಹಸಿ ಉಳ್ಳಾಗಡ್ಡಿ. ಜುಣಕ ಇದೆಯಾ ಕೇಳಿ, ಪುಂಡಿಪಲ್ಯ ಇದ್ದರಂತೂ ಬಿಡಬೇಡಿ. ದಕ್ಷಿಣದ ಕಡೆಯವರಿಗೆ ಒಂದು ಕಿವಿಮಾತು: ‘ಖಾರ ಕಡಿಮೆ ಇರಲಿ’ ಎಂದು ಹೇಳಿ ಪ್ರಯೋಜನವಿಲ್ಲ, ಅಡುಗೆ ಆಗಲೇ ಆಗಿರುತ್ತದೆ. ಮೊಸರು ಇನ್ನೊಂದು ಬಟ್ಟಲು ಹಾಕಿಸಿಕೊಳ್ಳಿ. ಹಿರಿಯರು, ಮಕ್ಕಳು ಇದ್ದರೆ ರೂಮಿಗೆ ಹೋಗಿ ಒಂದು ತಾಸು ಅಡ್ಡಾಗಿ. ಸಂಜೆ ಅವರಿಗೂ ಹುರುಪಿರಬೇಕು.

ಒಣದ್ರಾಕ್ಷಿ ಕೊಳ್ಳುವುದಿದ್ದರೂ ಈ ಹೊತ್ತಿಗೇ ಮುಗಿಸಿ. ಇದು ದ್ರಾಕ್ಷಿ ಬೆಳೆಯುವ ಜಿಲ್ಲೆ, ಮಾರ್ಕೆಟ್ಟಿನಲ್ಲಿ ಒಳ್ಳೆಯದೇ ಸಿಗುತ್ತದೆ.

3ರಿಂದ 4: ತೋಪು, ಬುರುಜು, ಬಾವಿ

ಪಶ್ಚಿಮದ ಕೋಟೆಗೋಡೆಯ ಷರ್ಜಾ ಬುರುಜಿನ ಮೇಲೆ ಮಲಿಕ್‌-ಎ-ಮೈದಾನ್ ತೋಪು. ಸುಮಾರು 14 ಅಡಿ ಉದ್ದ, 55 ಟನ್ ತೂಕ. ಎರಕ ಹೊಯ್ದದ್ದು ಇಲ್ಲಲ್ಲ, 1549ರಲ್ಲಿ ಅಹ್ಮದ್‌ನಗರದಲ್ಲಿ. ಮೊಹಮ್ಮದ್ ಬಿನ್ ಹಸನ್ ರೂಮಿ ಎಂಬವನ ಕೈಕೆಲಸ. 1632ರಲ್ಲಿ ಪರಾಂಡಾ ಕೋಟೆಯಿಂದ ಇದನ್ನು ಇಲ್ಲಿಗೆ ಎಳೆದು ತರಲು 10 ಆನೆ, 400 ಎತ್ತು ಬೇಕಾದವಂತೆ. ಬಾಯಿಯ ಕಡೆ ಹೋಗಿ ನೋಡಿ: ಸಿಂಹದ ತೆರೆದ ಬಾಯಿ, ಹಲ್ಲುಗಳ ನಡುವೆ ನುಚ್ಚಾಗುತ್ತಿರುವ ಆನೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಬರುತ್ತದೆ. ಗೆದ್ದ ಮೇಲೆ ಔರಂಗಜೇಬನೂ ಇದರ ಮೇಲೆ ತನ್ನ ಬರಹ ಕೆತ್ತಿಸಿಕೊಂಡ. 1854ರಲ್ಲಿ ಇಂಗ್ಲಿಷರು ಇದನ್ನು ಹರಾಜಿಗೆ ಹಾಕಿದರು, ಬಂದ ಬೆಲೆ 150 ರೂಪಾಯಿ. ಸದ್ಯ, ಆ ಮಾರಾಟ ರದ್ದಾಯಿತು.

ಅಲ್ಲೇ ಹತ್ತಿರ ಉಪಲಿ ಬುರುಜು. ಸುಮಾರು 80 ಅಡಿ ಎತ್ತರದ ಒಂಟಿ ಗೋಪುರ, ಹೈದರ್ ಖಾನ್ 1580ರ ದಶಕದಲ್ಲಿ ಕಟ್ಟಿಸಿದ್ದು. ಮೆಟ್ಟಿಲು ಹೊರಗಡೆ ಸುತ್ತಿಕೊಂಡು ಹೋಗುತ್ತದೆ. ಮೇಲೆ 30 ಅಡಿ ಉದ್ದದ ತೋಪು ಮಲಗಿದೆ. ಬೆಳಗ್ಗೆ ಪೂರ್ವದಿಂದ ಕಂಡ ಊರನ್ನು ಈಗ ಪಶ್ಚಿಮದಿಂದ ನೋಡಬಹುದು. ಕಾಲು ಸೋತಿದ್ದರೆ ಬಿಡಿ, ತಪ್ಪೇನಿಲ್ಲ.

ರೋಜಾಕ್ಕೆ ಹೋಗುವ ದಾರಿಯಲ್ಲಿ ತಾಜ್ ಬಾವಡಿ. ಎರಡು ಗೋಪುರಗಳ ನಡುವಿನ ದೊಡ್ಡ ಕಮಾನು, ಕೆಳಗೆ ಚೌಕದ ವಿಶಾಲ ಬಾವಿ. ಎರಡನೇ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಹೊತ್ತಿಗೆ ಕಟ್ಟಿದ್ದು. ಮಳೆ ಕಡಿಮೆ ಬೀಳುವ ಬಯಲಿನಲ್ಲಿ ರಾಜಧಾನಿ ಕಟ್ಟಿದವರು ನೀರಿನ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಎನ್ನುವುದಕ್ಕೆ ಈ ಬಾವಿ ಸಾಕ್ಷಿ. ತೊರವಿ ಕಡೆಯಿಂದ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ರಾಣಿಯ ಹೆಸರು ನೆನಪಿರಲಿ, ಹತ್ತು ನಿಮಿಷದಲ್ಲಿ ಮತ್ತೆ ಸಿಗುತ್ತಾಳೆ.

4ರಿಂದ ಮುಚ್ಚುವವರೆಗೆ: ಇಬ್ರಾಹಿಂ ರೋಜಾ

ಇಲ್ಲೂ ಟಿಕೆಟ್ 25 ರೂಪಾಯಿ. ಕೋಟೆಯ ಪಶ್ಚಿಮದ ಗೋಡೆ ದಾಟಿದರೆ, ತೋಟದ ನಡುವೆ ಎತ್ತರದ ಒಂದೇ ಜಗಲಿಯ ಮೇಲೆ ಎರಡು ಕಟ್ಟಡ. ಉತ್ತರದ ಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಗೋರಿ, ಬಲಕ್ಕೆ ಮಸೀದಿ, ನಡುವೆ ಕೊಳ. ಅಂದರೆ ಗೋರಿ ಪೂರ್ವಕ್ಕಿದೆ, ಅದರ ಒಂದು ಮುಖ ಪಶ್ಚಿಮಕ್ಕೆ. ಸಂಜೆಯ ಬಿಸಿಲು ನೇರವಾಗಿ ಆ ಮುಖಕ್ಕೆ ಬೀಳುತ್ತದೆ, ಕೆತ್ತನೆಯ ಪ್ರತಿ ಗೆರೆಗೂ ನೆರಳು ಹುಟ್ಟುತ್ತದೆ. ನಾಲ್ಕಕ್ಕೆ ಬನ್ನಿ ಅಂದದ್ದು ಇದಕ್ಕೇ.

ಇದನ್ನು ಮೊದಲು ಯೋಚಿಸಿದ್ದು ರಾಣಿ ತಾಜ್ ಸುಲ್ತಾನಾಳಿಗಾಗಿ. ಅವಳಿಗಿಂತ ಮೊದಲೇ, 1627ರಲ್ಲಿ ಇಬ್ರಾಹಿಂ ತೀರಿಕೊಂಡು ಇಲ್ಲಿ ಮಣ್ಣಾದ. ಕಟ್ಟಿಸುವ ಹೊಣೆ ಹೊತ್ತವನು ಮಲಿಕ್ ಸಂದಲ್, ಅವನ ಹೆಸರು ಇಲ್ಲಿನ ಶಾಸನದಲ್ಲೇ ಇದೆ. ತಾಜ್ ಮಹಲಿಗೆ ಇದೇ ಸ್ಫೂರ್ತಿ ಎಂದು ಗೈಡ್ ಹೇಳದೆ ಇರುವುದಿಲ್ಲ. ಆ ಹೋಲಿಕೆ ಇಲ್ಲದೆಯೂ ಈ ಕಟ್ಟಡ ತನ್ನ ಕಾಲ ಮೇಲೆ ನಿಲ್ಲುತ್ತದೆ.

ಹೇಗೆ ನೋಡಬೇಕು? ಮೊದಲು ಮಸೀದಿಯ ಮೆಟ್ಟಿಲ ಮೇಲೆ ಕೂತು ಗೋರಿಯನ್ನು ಪೂರ್ತಿಯಾಗಿ ನೋಡಿ. ಬೆಳಗ್ಗೆಯ ಗಾತ್ರ ಕಣ್ಣಲ್ಲಿ ಇರುವಾಗಲೇ ಇದನ್ನು ನೋಡಬೇಕು. ತೆಳ್ಳನೆ ಮಿನಾರುಗಳು, ಮೊಗ್ಗಿನ ಹಾಗೆ ಎಸಳುಗಳಿಂದ ಏಳುವ ಗುಮ್ಮಟ. ಆಮೇಲೆ ತಲೆಯೆತ್ತಿ ಮಸೀದಿಯ ಸೂರಂಚು ನೋಡಿ: ಅಲ್ಲಿ ತೂಗುವ ಸರಪಳಿಗಳನ್ನು ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆ. ಕೆಲವು ಮುರಿದುಹೋಗಿವೆ, ಉಳಿದವು ಸಾಕು.

ಈಗ ಗೋರಿಯ ಮೊಗಸಾಲೆಗೆ ಹತ್ತಿ, ನಾಲ್ಕೂ ಗೋಡೆಗಳನ್ನು ನಿಧಾನಕ್ಕೆ ಸುತ್ತಿ. ಗೋಡೆಯ ತುಂಬ ಬರಹ, ಬಳ್ಳಿ, ಜಾಮಿತಿಯ ಹೆಣಿಗೆ. ಕಿಟಕಿಗಳ ಮೇಲೆ ಜಾಲಂಧ್ರ ಇದೆಯಲ್ಲ, ಅದನ್ನು ಬಳ್ಳಿಯ ವಿನ್ಯಾಸ ಅಂದುಕೊಂಡು ಮುಂದೆ ಹೋಗಬೇಡಿ. ಅವು ಅಕ್ಷರಗಳು. ಕುರಾನಿನ ಸಾಲುಗಳನ್ನೇ ಕಲ್ಲಿನಲ್ಲಿ ತೂತು ಕೊರೆದು ಬಿಡಿಸಿದ್ದಾರೆ, ಒಳಗಿನ ಕೋಣೆಗೆ ಬೆಳಕು ಬರುವುದು ಆ ಅಕ್ಷರಗಳ ಸಂದಿನಿಂದ. ಒಳಗೆ ಹೋಗಿ ಒಂದೆರಡು ನಿಮಿಷ ನಿಲ್ಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಆಮೇಲೆ ಮಾಡು ನೋಡಿ. ಸುಮಾರು 40 ಅಡಿ ಚೌಕದ ಕೋಣೆ, ಮೇಲೆ ಕಲ್ಲಿನ ಚಪ್ಪಡಿಗಳ ಚಪ್ಪಟೆ ಮಾಡು, ಅದನ್ನು ಹೊತ್ತಿರುವ ಕಂಬವಾಗಲಿ ತೊಲೆಯಾಗಲಿ ಕಣ್ಣಿಗೆ ಬೀಳುವುದಿಲ್ಲ. ಗಾರೆಯ ಹಿಡಿತದಲ್ಲಿ ಚಪ್ಪಡಿಗಳು ನಿಂತಿವೆ. ಗೈಡ್ ಜೊತೆಗಿದ್ದರೆ ಇದನ್ನು ಬಿಡಿಸಿ ಹೇಳಲು ಕೇಳುವ ಜಾಗ ಇದೇ.

ಒಳಗೆ ಮಲಗಿರುವವನ ಬಗ್ಗೆ ಒಂದೆರಡು ಮಾತು. ಎರಡನೇ ಇಬ್ರಾಹಿಂ 1580ರಲ್ಲಿ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ. ಸಂಗೀತದ ಹುಚ್ಚು. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಅವನು ದಖನಿ ಭಾಷೆಯಲ್ಲಿ ರಾಗಗಳಿಗೆ ಕಟ್ಟಿದ ಹಾಡುಗಳ ಸಂಗ್ರಹ ‘ಕಿತಾಬ್‌-ಎ-ನವರಸ್’. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿಯ ಸ್ತುತಿಯೂ ಇದೆ. ಜನ ಅವನನ್ನು ಜಗದ್ಗುರು ಬಾದಶಹಾ ಎಂದು ಕರೆದರು. ಊರಿನ ಪಶ್ಚಿಮಕ್ಕೆ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಲು 1599ರಲ್ಲಿ ಶುರು ಮಾಡಿದ, ಅದು ಪೂರ್ತಿಯಾಗಲಿಲ್ಲ. ಇವನ ಗೋರಿಯ ಗೋಡೆ ಮೇಲೆ ಇಷ್ಟು ನಯವಾದ ಕೆಲಸ ಯಾಕಿದೆ ಅನ್ನುವುದು ಆಗ ಅಷ್ಟೇನೂ ಆಶ್ಚರ್ಯ ಅನಿಸುವುದಿಲ್ಲ, ಅಲ್ವಾ?

ಇನ್ನೂ ಹೊತ್ತಿದ್ದರೆ, ಅಥವಾ ಇಲ್ಲದಿದ್ದರೆ

ಅರ್ಧ ದಿನ ಮಾತ್ರ ಇರುವವರು ಗೋಳಗುಮ್ಮಟ, ಬಾರಾ ಕಮಾನ್, ಇಬ್ರಾಹಿಂ ರೋಜಾ ಮೂರೇ ನೋಡಿ. ಮಗ, ಮೊಮ್ಮಗ, ಅಜ್ಜ, ಮೂವರದೂ ಆಯಿತು. ಚಿಕ್ಕ ಮಕ್ಕಳಿದ್ದರೆ ಬಾರಾ ಕಮಾನ್ ಬದಲು ತೋಪಿನ ಹತ್ತಿರ ಕರೆದುಕೊಂಡು ಹೋಗಿ, ಆನೆ ನುಂಗುವ ಸಿಂಹ ಅವರಿಗೆ ಜಾಸ್ತಿ ಇಷ್ಟವಾಗುತ್ತದೆ.

ಮಾರನೇ ದಿನವೂ ಇರುವವರು ಬೆಳಗ್ಗೆ ಊರ ಹೊರಗಿನ ಸಾಠ್ ಕಬರ್ ನೋಡಬಹುದು. ಆದಿಲ್ ಶಾಹಿಗಳ ಸೇನಾಪತಿ ಅಫ್ಜಲ್ ಖಾನ್ 1659ರಲ್ಲಿ ಶಿವಾಜಿಯನ್ನು ಎದುರಿಸಲು ಹೊರಡುವ ಮುನ್ನ ತನ್ನ ಹೆಂಡತಿಯರನ್ನು ಕೊಂದು ಇಲ್ಲಿ ಹೂತ ಎಂದು ಜನ ಹೇಳುವ, ಸಾಲುಸಾಲು ಗೋರಿಗಳ ಜಾಗ. ದಾರಿ ಕೇಳಿಕೊಂಡೇ ಹೋಗಬೇಕು, ಹಗಲಲ್ಲೇ ಹೋಗಿ ಬನ್ನಿ. ಸಂಕ್ರಾಂತಿಯ ಹೊತ್ತಿಗೆ ಬಂದರೆ ಸಿದ್ಧೇಶ್ವರ ಜಾತ್ರೆಯೂ ಸಿಗುತ್ತದೆ. ಆಗ ಮಾತ್ರ ರೂಮು ಬಹಳ ಮೊದಲೇ ಕಾಯ್ದಿರಿಸಿ, ಆಟೊದವರ ಜೊತೆ ದರ ಇನ್ನೂ ಗಟ್ಟಿಯಾಗಿ ಮಾತಾಡಿ.

ರಾತ್ರಿ ರೈಲಿಗೋ ಬಸ್ಸಿಗೋ ಹೊರಡುವವರು ರೋಜಾದಿಂದ ಮುಚ್ಚುವ ಹೊತ್ತಿಗೆ ಹೊರಬಿದ್ದರೆ ಗಾಂಧಿ ಚೌಕದಲ್ಲಿ ಗಿರಮಿಟ್ಟು, ಮಿರ್ಚಿ ಬಜ್ಜಿ ತಿನ್ನುವಷ್ಟು ಹೊತ್ತು ಧಾರಾಳವಾಗಿ ಸಿಗುತ್ತದೆ. ಸಾಮಾನನ್ನು ಹೋಟೆಲಿನ ಕೌಂಟರಿನಲ್ಲೇ ಬಿಟ್ಟಿದ್ದರೆ ಅದನ್ನು ತೆಗೆದುಕೊಳ್ಳಲು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.